ಹೈಸ್ಕೂಲಿನಿಂದ ಸೀಟಿನವರೆಗೆ: ಕಲಬುರಗಿ, ಬೀದರ್, ಯಾದಗಿರಿಯ ಮಕ್ಕಳಿಗೆ ಸಿಇಟಿ, ನೀಟ್ ತಯಾರಿ ಹಂತ ಹಂತವಾಗಿ

ಜೂನ್, ಜುಲೈ ಬಂತೆಂದರೆ ನಮ್ಮ ಕಡೆಯ ಅಪ್ಪ-ಅಮ್ಮಂದಿರದು ಅದೇ ಪ್ರಶ್ನೆ. "ಸರ್, ಹುಡುಗಿದು ರ‍್ಯಾಂಕ್ ಚಲೋ ಬಂದದ, 371(ಜೆ) ಸರ್ಟಿಫಿಕೇಟ್ ಇಲ್ಲ, ಈಗ ಮಾಡಿಸಿದ್ರ ನಡೀತದೇನ್ರಿ?" ಕಲ್ಯಾಣ ಕರ್ನಾಟಕದವರಿಗೆ ಇರುವ ಮೀಸಲಾತಿಯ ಪತ್ರ ಅದು. ಅದನ್ನು ಕೇಳುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಓದಿನಲ್ಲಿ ಹಿಂದೆ ಬಿದ್ದು ಸೀಟು ತಪ್ಪಿಸಿಕೊಂಡವರು ಇದ್ದೇ ಇರುತ್ತಾರೆ. ಆದರೆ ಅಂಕ ಕೈಯಲ್ಲಿದ್ದೂ ಕೆಲಸದ ಕ್ರಮ ತಪ್ಪಿ ಸೀಟು ಕಳೆದುಕೊಳ್ಳುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅದಕ್ಕೇ ಇಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

## ಶುರು ಮಾಡುವ ಮೊದಲು ಕೈಯಲ್ಲಿರಬೇಕಾದದ್ದು

ಒಂದು ಗಟ್ಟಿ ಫೈಲು. ಮನೆಯವರದೇ ಆದ ಒಂದು ಮೊಬೈಲ್ ನಂಬರ್, ಮೂರು ವರ್ಷ ಬದಲಾಗಬಾರದು. ಒಂದು ಇಮೇಲ್, ಅದರ ಪಾಸ್‌ವರ್ಡ್ ನೋಟ್‌ಬುಕ್ಕಿನಲ್ಲಿ ಬರೆದಿರಬೇಕು. ಕೈಗಡಿಯಾರವೋ ಟೇಬಲ್ ಗಡಿಯಾರವೋ ಒಂದು, ಫೋನ್ ನೋಡಿ ಟೈಮ್ ಲೆಕ್ಕ ಹಾಕುವುದು ಬೇಡ. ಝೆರಾಕ್ಸ್ ಮಾಡಿಸಿದ ಒಂದಿಷ್ಟು ಓಎಂಆರ್ ಹಾಳೆ, ಅಂದರೆ ಉತ್ತರದ ವೃತ್ತ ತುಂಬುವ ಹಾಳೆ.

ಮೊಬೈಲ್ ನಂಬರಿನ ವಿಷಯ ಸಣ್ಣದು ಅನ್ನಿಸಬಹುದು. ಸೈಬರ್ ಸೆಂಟರಿನವರ ನಂಬರ್ ಕೊಟ್ಟು ಅರ್ಜಿ ಹಾಕಿದವರು ಎಷ್ಟೋ ಜನ. ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜುಗಳ ಪಟ್ಟಿಯನ್ನು ಆನ್‌ಲೈನಿನಲ್ಲಿ ಹಾಕುವ ದಿನ ಒಟಿಪಿ ಹೋಗುವುದು ಅವರ ಫೋನಿಗೆ, ಅಂಗಡಿಗೆ ಅವತ್ತು ಬೀಗ.

## ಹಂತ 1: ಎಂಟನೇ ಕ್ಲಾಸಿಗೆ ಶಾಲೆ ಬದಲಿಸುವ ಮೊದಲು ಲೆಕ್ಕ ಹಾಕಿ

ತಯಾರಿ ಶುರುವಾಗುವುದೇ ಇಲ್ಲಿಂದ. ಸಿಇಟಿ, ಅಂದರೆ ರಾಜ್ಯದ ಪ್ರವೇಶ ಪರೀಕ್ಷೆಯ (ಕೆಸಿಇಟಿ ಅನ್ನುವುದೂ ಇದನ್ನೇ) ಮೂಲಕ ಕೊಡುವ ಸೀಟುಗಳಲ್ಲಿ ಗ್ರಾಮೀಣ ಮಕ್ಕಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲು ಇದೆ. ಎರಡಕ್ಕೂ ಒಂದರಿಂದ ಹತ್ತನೇ ತರಗತಿವರೆಗೆ ಪೂರ್ತಿ ಹತ್ತು ವರ್ಷ ಬೇಕು. ಅಫಜಲಪುರ ತಾಲ್ಲೂಕಿನ ಹಳ್ಳಿಯಲ್ಲಿ ಏಳನೇವರೆಗೆ ಓದಿಸಿ, ಎಂಟಕ್ಕೆ ಕಲಬುರಗಿ ನಗರದ ಶಾಲೆಗೆ ಹಾಕಿದರೆ ಗ್ರಾಮೀಣ ಕೋಟಾ ಅಲ್ಲಿಗೇ ಮುಗಿಯಿತು. ಊರು ಹಳ್ಳಿಯಲ್ಲಿದ್ದರೆ ಸಾಲದು, ಶಾಲೆ ಹಳ್ಳಿಯಲ್ಲಿರಬೇಕು.

ಶಾಲೆ ಬದಲಿಸಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಒಳ್ಳೆಯ ಗಣಿತ ಮೇಷ್ಟ್ರು ಸಿಗುತ್ತಾರೆ ಅಂದರೆ ಅದೂ ಒಂದು ಲೆಕ್ಕವೇ. ಆದರೆ ಏನು ಬಿಟ್ಟುಕೊಡುತ್ತಿದ್ದೇವೆ ಅಂತ ಗೊತ್ತಿದ್ದು ಬಿಡಬೇಕು, ಅಲ್ವಾ?

ಬೀದರ್ ಕಡೆಯವರಿಗೆ ಇನ್ನೊಂದು ಮಾತು. ಮಕ್ಕಳನ್ನು ಇಂಟರ್‌ಮೀಡಿಯೇಟ್ ಅಂತ ಹೈದರಾಬಾದಿಗೋ, ಗಡಿ ದಾಟಿ ಉದಗೀರ್, ಲಾತೂರಿಗೋ ಕಳಿಸುವ ರೂಢಿ ಇದೆ. ಕರ್ನಾಟಕದ ಸೀಟಿಗೆ ಸಾಮಾನ್ಯವಾಗಿ ಕೇಳುವುದು ರಾಜ್ಯದಲ್ಲಿ ಕನಿಷ್ಠ ಏಳು ವರ್ಷದ ಓದು. ಕಳಿಸುವ ಮೊದಲು ಬೆರಳು ಮಡಚಿ ಎಣಿಸಿ. ಶಾಲೆ ಬಿಟ್ಟ ಮೇಲೆ ಹಳೆ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ತರುವುದು ಎಷ್ಟು ಕಷ್ಟ ಅಂತ ಅಲೆದವರಿಗೇ ಗೊತ್ತು.

## ಹಂತ 2: ಯಾವ ಪರೀಕ್ಷೆ ಅನ್ನುವುದು ಮೊದಲ ಪಿಯುಸಿ ಸೇರುವ ಮುಂಚೆಯೇ ಗೊತ್ತಿರಲಿ

"ಎಲ್ಲಾ ಬರೀತೀನಿ, ಯಾವುದಾದ್ರೂ ಒಂದು ಆಗ್ತದ" ಅನ್ನುವ ಹುಡುಗನಿಗೆ ಕೊನೆಗೆ ಯಾವುದೂ ಸರಿಯಾಗಿ ಆಗುವುದಿಲ್ಲ. ಒಂದು ಮುಖ್ಯ ಪರೀಕ್ಷೆ, ಒಂದು ಜೊತೆ ಪರೀಕ್ಷೆ. ಸಾಕು.

ಎಂಬಿಬಿಎಸ್, ಬಿಡಿಎಸ್, ಆಯುರ್ವೇದಕ್ಕೆ ನೀಟ್. 180 ಪ್ರಶ್ನೆ, 720 ಅಂಕ, ಮೂರು ಗಂಟೆ. ಅದರಲ್ಲಿ ಅರ್ಧ, ಅಂದರೆ 90 ಪ್ರಶ್ನೆ, ಜೀವಶಾಸ್ತ್ರ. ಎಂಜಿನಿಯರಿಂಗ್‌ಗೆ ಕೆಸಿಇಟಿ, ಎನ್‌ಐಟಿ ಅಥವಾ ರಾಯಚೂರಿನ ಐಐಐಟಿ ಕನಸಿದ್ದರೆ ಜೆಇಇ ಮೇನ್. ಕೃಷಿ, ಪಶುವೈದ್ಯಕೀಯಕ್ಕೂ ಕೆಸಿಇಟಿಯೇ ದಾರಿ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ ಪದವಿ ಕೋರ್ಸುಗಳಿಗೆ ಸಿಯುಇಟಿ.

ನಮ್ಮ ಮಕ್ಕಳು ಮರೆಯುವುದು ಕೃಷಿ ಮತ್ತು ಪಶುವೈದ್ಯಕೀಯವನ್ನು. ಪಶುವೈದ್ಯಕೀಯ ವಿಶ್ವವಿದ್ಯಾಲಯ ಇರುವುದೇ ಬೀದರಿನಲ್ಲಿ. ಕೃಷಿ ಕಾಲೇಜು ಕಲಬುರಗಿಯಲ್ಲೂ ಇದೆ, ಶಹಾಪುರ ತಾಲ್ಲೂಕಿನ ಭೀಮರಾಯನಗುಡಿಯಲ್ಲೂ ಇದೆ. ರೈತರ ಮಕ್ಕಳಿಗೆ ಬೇರೆ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇದೆ. ಹೊಲದಲ್ಲಿ ಕೆಲಸ ಮಾಡಿ ಬೆಳೆದವರಿಗೆ ಅದು ಹಬ್ಬ. ಆದರೆ ಅರ್ಜಿಯಲ್ಲಿ ಕೃಷಿಕರ ಕೋಟಾ ಬೇಕು ಅಂತ ಹಾಕದಿದ್ದರೆ ಪ್ರಾಯೋಗಿಕ ಪರೀಕ್ಷೆಗೆ ಕರೆಯೇ ಬರುವುದಿಲ್ಲ.

ಎಚ್ಚರಿಕೆಯ ಗುರುತು: ಮಗ ಗಣಿತದ ಪುಸ್ತಕ ಮುಟ್ಟುತ್ತಿಲ್ಲ, ಮನೆಯವರು ಎಂಜಿನಿಯರಿಂಗ್ ಅನ್ನುತ್ತಿದ್ದಾರೆ. ಈ ಜಗಳ ಎರಡನೇ ಪಿಯುಸಿ ಡಿಸೆಂಬರಿನಲ್ಲಿ ಆಡುವುದಲ್ಲ. ಹತ್ತನೇ ರಜೆಯಲ್ಲೇ ಮುಗಿಸಿ.

## ಹಂತ 3: ಕಾಗದಪತ್ರ, ಹತ್ತನೇ ಪರೀಕ್ಷೆ ಮುಗಿದ ರಜೆಯಲ್ಲೇ

ಅತಿ ಹೆಚ್ಚು ಜನ ಎಡವುವ ಹಂತ ಇದು. ಸಾವಧಾನವಾಗಿ ಓದಿ.

ಸಂವಿಧಾನದ 371(ಜೆ) ವಿಧಿಯ ಪ್ರಕಾರ ಕಲ್ಯಾಣ ಕರ್ನಾಟಕದ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ. 70 ಸೀಟು, ರಾಜ್ಯದ ಉಳಿದ ಕಡೆ ಶೇ. 8. ಬೆಂಗಳೂರಿನ ಕಾಲೇಜಿಗೆ ಹೋಗುವವರಿಗೂ ಇದು ಉಪಯೋಗಕ್ಕೆ ಬರುತ್ತದೆ ಅಂತ ಬಹಳ ಜನರಿಗೆ ಗೊತ್ತೇ ಇಲ್ಲ. ಈ ಅರ್ಹತಾ ಪ್ರಮಾಣಪತ್ರ ಕೊಡುವವರು ಉಪವಿಭಾಗದ ಸಹಾಯಕ ಆಯುಕ್ತರು, ನಾವೆಲ್ಲ ಎಸಿ ಸಾಹೇಬರು ಅನ್ನುತ್ತೇವಲ್ಲ, ಅವರು. ತಹಶೀಲ್ದಾರರ ಸಹಿ ಇರುವ ವಾಸಸ್ಥಳ ಪ್ರಮಾಣಪತ್ರ ಇದಕ್ಕೆ ಬದಲಿ ಆಗುವುದಿಲ್ಲ. ಚಿಂಚೋಳಿಯವರು ಸೇಡಂ ಉಪವಿಭಾಗಕ್ಕೆ ಸೇರುತ್ತಾರೆ, ಕಲಬುರಗಿಗಲ್ಲ. ನಿಮ್ಮ ತಾಲ್ಲೂಕು ಯಾವ ಉಪವಿಭಾಗ ಅಂತ ಮೊದಲು ಕೇಳಿಕೊಂಡು ಬಸ್ಸು ಹತ್ತಿ.

ಸಿಕ್ಕು ಬೀಳುವ ಜಾಗ ಒಂದಿದೆ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ನಮ್ಮಲ್ಲಿ ರೂಢಿ. ತಾಯಿಯ ತವರು ಸೊಲ್ಲಾಪುರವೋ ಜಹೀರಾಬಾದೋ ವಿಜಯಪುರವೋ ಆಗಿದ್ದರೆ ಮಗುವಿನ ಜನನ ಪ್ರಮಾಣಪತ್ರ ಈ ಭಾಗದ ಹೊರಗಿನದು. ಅಂಥವರು ಜನನ ಪ್ರಮಾಣಪತ್ರ ಒಂದನ್ನೇ ಹಿಡಿದುಕೊಂಡು ಹೋದರೆ ಅರ್ಜಿ ವಾಪಸ್ಸು ಬರುತ್ತದೆ. ತಂದೆ ಅಥವಾ ತಾಯಿ ಈ ಭಾಗದವರು ಅನ್ನುವುದಕ್ಕೆ ದಾಖಲೆ ಸೇರಿಸಿ: ಅವರ ಶಾಲೆಯ ಟಿಸಿ, ಪಹಣಿ, ಹಳೆಯ ರೇಷನ್ ಕಾರ್ಡು, ಮತದಾರರ ಪಟ್ಟಿಯ ಪ್ರತಿ. ಅಪ್ಪನ ಟಿಸಿ ಹಳ್ಳಿ ಶಾಲೆಯ ಹಳೆ ರಿಜಿಸ್ಟರಿನಲ್ಲಿ ಹುಡುಕಿಸಬೇಕಾಗಬಹುದು. ಹೆಡ್‌ಮಾಸ್ತರು ರಜೆಯಲ್ಲಿದ್ದರೆ ಅದಕ್ಕೇ ವಾರಗಟ್ಟಲೆ ಹಿಡಿಯುತ್ತದೆ. ಎರಡು ವರ್ಷ ಮುಂಚೆ ಶುರು ಮಾಡಿ ಅನ್ನುವುದು ಇದಕ್ಕೇ.

ಎರಡನೆಯದು ಜಾತಿ ಮತ್ತು ಆದಾಯ ಪ್ರಮಾಣಪತ್ರ. ನಾಡಕಚೇರಿಯಲ್ಲಿ ಅರ್ಜಿ, ತಹಶೀಲ್ದಾರರಿಂದ ಪ್ರಮಾಣಪತ್ರ. ಅದರ ಮೇಲಿರುವ ಆರ್‌ಡಿ ನಂಬರನ್ನು ಸಿಇಟಿ ಅರ್ಜಿಯಲ್ಲಿ ಹಾಕಬೇಕು, ಅಲ್ಲೇ ಆನ್‌ಲೈನಿನಲ್ಲಿ ತಾಳೆ ನೋಡುತ್ತಾರೆ. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಅವಧಿ ಇರುತ್ತದೆ. ಎಂಟನೇ ಕ್ಲಾಸಿನಲ್ಲಿ ಸ್ಕಾಲರ್‌ಶಿಪ್‌ಗೆ ಅಂತ ಮಾಡಿಸಿದ್ದು ಸೀಟು ಸಿಗುವ ಹೊತ್ತಿಗೆ ಮುಗಿಯುವ ಹಂತದಲ್ಲಿರಬಹುದು, ತಾರೀಖು ನೋಡಿ.

ಮೂರನೆಯದು ವ್ಯಾಸಂಗ ಪ್ರಮಾಣಪತ್ರ. ಏಳು ವರ್ಷದ್ದು, ಗ್ರಾಮೀಣದ್ದು, ಕನ್ನಡ ಮಾಧ್ಯಮದ್ದು ಬೇರೆ ಬೇರೆ ನಮೂನೆ. ಹೆಡ್‌ಮಾಸ್ತರ ಸಹಿಯ ಜೊತೆ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕು. ಮೂರು ಶಾಲೆಯಲ್ಲಿ ಓದಿದ್ದರೆ ಮೂರೂ ಕಡೆಯಿಂದ ತರಬೇಕು. ನಮೂನೆಯನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ, ಅಂದರೆ ಕೆಇಎಯ, ಮಾಹಿತಿ ಪುಸ್ತಕದಿಂದಲೇ ತೆಗೆದುಕೊಳ್ಳಿ. ಝೆರಾಕ್ಸ್ ಅಂಗಡಿಯಲ್ಲಿ ಸಿಗುವ ಹಳೆ ಫಾರಂ ನಂಬಬೇಡಿ.

ನಾಲ್ಕನೆಯದು ಹೆಸರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ "ಶರಣಬಸಪ್ಪ", ಆಧಾರಿನಲ್ಲಿ "ಶರಣ ಬಸವ", ಜಾತಿ ಪ್ರಮಾಣಪತ್ರದಲ್ಲಿ ತಂದೆ ಹೆಸರು ಮುಂದೆ. ನಮ್ಮ ಕಡೆ ಇದು ಮನೆಮನೆಯ ಕಥೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಹೆಸರನ್ನೇ ಮೂಲ ಅಂತ ಇಟ್ಟುಕೊಂಡು ಉಳಿದದ್ದನ್ನು ಅದಕ್ಕೆ ಹೊಂದಿಸಿ.

ಕೇಂದ್ರದ ಸೀಟಿಗೂ ಕಣ್ಣಿಟ್ಟವರು ಇದನ್ನೂ ಓದಿ. ರಾಜ್ಯದ ಹಿಂದುಳಿದ ವರ್ಗಗಳ 2ಎ, 3ಬಿ ಪ್ರಮಾಣಪತ್ರ ತೋರಿಸಿ ನೀಟ್, ಜೆಇಇ ಅರ್ಜಿಯಲ್ಲಿ ಒಬಿಸಿ ಅಂತ ಹಾಕುವಂತಿಲ್ಲ. ನಿಮ್ಮ ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿ ಇದೆಯೇ ನೋಡಬೇಕು, ಇದ್ದರೆ ಕೇಂದ್ರದ ನಮೂನೆಯಲ್ಲೇ ಬೇರೆ ಪ್ರಮಾಣಪತ್ರ ಮಾಡಿಸಬೇಕು. ಸುಮ್ನೆ ಒಬಿಸಿ ಅಂತ ಟಿಕ್ ಮಾಡಿದರೆ ದಾಖಲೆ ತೋರಿಸುವ ದಿನ ಸೀಟು ಕೈಬಿಟ್ಟು ಹೋಗುತ್ತದೆ.

## ಹಂತ 4: ಮೊದಲ ಪಿಯುಸಿಯ ಮೊದಲ ಮೂರು ತಿಂಗಳು

ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಇಲ್ಲಿ ಕುಸಿಯುತ್ತಾರೆ. ಬುದ್ಧಿ ಕಮ್ಮಿ ಅಂತಲ್ಲ. ಜಡತ್ವ ಅಂದರೆ ಗೊತ್ತು, ಇನರ್ಷಿಯಾ ಅಂದರೆ ಹೆದರಿಕೆ.

ಇದಕ್ಕೆ ಕಾಸು ಖರ್ಚಿಲ್ಲದ ದಾರಿ ಇದೆ. ಹತ್ತನೇ ತರಗತಿಯ ವಿಜ್ಞಾನ ಪುಸ್ತಕ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಪಾಠಕ್ಕೆ ಪಾಠ ಹೊಂದುತ್ತದೆ. ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಪಿಡಿಎಫ್ ಸಿಗುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು, ಗೊತ್ತಿರುವ ಪಾಠವನ್ನೇ ಇಂಗ್ಲಿಷಿನಲ್ಲಿ ಓದಿ. ವಿಷಯ ಹೊಸದಲ್ಲ, ಪದ ಮಾತ್ರ ಹೊಸದು. ರಜೆಯಲ್ಲಿ ದಿನಕ್ಕೆ ಒಂದು ಗಂಟೆ ಕೊಟ್ಟರೆ ಜೂನ್ ಹೊತ್ತಿಗೆ ತರಗತಿಯಲ್ಲಿ ಕಿವಿ ತೆರೆದಿರುತ್ತದೆ. ಎರಡು ಕಾಲಂ ಮಾಡಿ ಪದ ಬರೆದುಕೊಳ್ಳುವ ನೋಟ್‌ಬುಕ್ ಒಂದಿರಲಿ.

ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ, ಅರ್ಜಿ ಹಾಕುವಾಗಲೇ ಆರಿಸಬೇಕು. ಪುಸ್ತಿಕೆಯಲ್ಲಿ ಕನ್ನಡದ ಜೊತೆ ಇಂಗ್ಲಿಷೂ ಇರುತ್ತದೆ. ಅನುವಾದದಲ್ಲಿ ಗೊಂದಲ ಬಂದರೆ ಇಂಗ್ಲಿಷ್ ಪ್ರಶ್ನೆಯೇ ಅಂತಿಮ. ಹಾಗಾಗಿ ಕನ್ನಡ ಆರಿಸಿದವರೂ ಇಂಗ್ಲಿಷ್ ಪದ ಕಲಿಯದೆ ಬಿಡುವಂತಿಲ್ಲ.

ಕೋಚಿಂಗ್ ಬೇಕೇ? ಬೀದರ್ ನೀಟ್ ಕೋಚಿಂಗ್‌ಗೆ ಹೆಸರಾದ ಊರು, ಕಲಬುರಗಿಯ ಯಾವ ಸರ್ಕಲ್ಲಿಗೆ ಹೋದರೂ ರ‍್ಯಾಂಕ್ ಬಂದವರ ಫ್ಲೆಕ್ಸ್. ಫ್ಲೆಕ್ಸಿನಲ್ಲಿ ಹತ್ತು ಫೋಟೋ ಇದ್ದರೆ ಆ ವರ್ಷ ಒಟ್ಟು ಎಷ್ಟು ಮಕ್ಕಳು ಸೇರಿದ್ದರು ಅಂತ ಕೇಳಿ. ಉತ್ತರ ಹೇಳದೆ ಫೀ ಮಾತಿಗೆ ಬಂದರೆ ಎದ್ದು ಬನ್ನಿ. ನನ್ನ ಪ್ರಕಾರ ಕೋಚಿಂಗ್‌ನಿಂದ ನಿಜವಾಗಿ ಸಿಗುವ ಲಾಭ ವಾರದ ಟೆಸ್ಟು ಮತ್ತು ತಪ್ಪು ತಿದ್ದುವ ಮೇಷ್ಟ್ರು. ಅವೆರಡು ನಿಮ್ಮ ಕಾಲೇಜಿನಲ್ಲೇ ಇದ್ದರೆ ಸಾಲ ಮಾಡಬೇಡಿ.

ಮೊದಲ ಪಿಯುಸಿ ಪಾಠವನ್ನು "ಇದು ಬೋರ್ಡ್ ಪರೀಕ್ಷೆ ಅಲ್ಲ" ಅಂತ ಬಿಡುವುದು ದೊಡ್ಡ ತಪ್ಪು. ಸಿಇಟಿ, ನೀಟ್ ಎರಡರಲ್ಲೂ ಆ ವರ್ಷದ ಪಾಠದಿಂದ ಪ್ರಶ್ನೆ ಬರುತ್ತದೆ.

## ಹಂತ 5: ಎರಡನೇ ಪಿಯುಸಿ, ಬೋರ್ಡ್ ಮತ್ತು ಸಿಇಟಿ ಒಟ್ಟೊಟ್ಟಿಗೆ

ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಇದನ್ನು ಗೊತ್ತಿದೆ ಅಂತ ಎಲ್ಲರೂ ತಲೆ ಆಡಿಸುತ್ತಾರೆ, ಲೆಕ್ಕ ಹಾಕಿ ನೋಡಿದವರು ಕಮ್ಮಿ. ನೋಡೋಣ.

ಒಬ್ಬಳಿಗೆ ಪಿಯುಸಿಯಲ್ಲಿ 300ಕ್ಕೆ 285, ಅಂದರೆ ಶೇ. 95. ಸಿಇಟಿಯಲ್ಲಿ 180ಕ್ಕೆ 80, ಅಂದರೆ ಶೇ. 44.4. ಎರಡರ ಸರಾಸರಿ 69.7. ಇನ್ನೊಬ್ಬನಿಗೆ ಪಿಯುಸಿಯಲ್ಲಿ 240, ಶೇ. 80. ಸಿಇಟಿಯಲ್ಲಿ 95, ಶೇ. 52.8. ಸರಾಸರಿ 66.4. ಸಿಇಟಿಯಲ್ಲಿ 15 ಅಂಕ ಜಾಸ್ತಿ ತೆಗೆದೂ ಅವನು ಹಿಂದೆ. ಅವಳನ್ನು ಹಿಡಿಯಬೇಕಾದರೆ ಅವನಿಗೆ ಸಿಇಟಿಯಲ್ಲಿ 107 ಬೇಕಿತ್ತು. ಬೋರ್ಡ್ ಪಾಠ ಬಿಟ್ಟು ಬರೀ ಎಂಸಿಕ್ಯೂ (ನಾಲ್ಕರಲ್ಲಿ ಒಂದು ಉತ್ತರ ಆರಿಸುವ ಪ್ರಶ್ನೆ) ಹಿಡಿದು ಕೂರುವ ಹುಡುಗರಿಗೆ ಈ ಲೆಕ್ಕ ಗೋಡೆಗೆ ಅಂಟಿಸಿಕೊಳ್ಳಲು ಹೇಳಿ. ಎಂಬಿಬಿಎಸ್ ಮಾತು ಬೇರೆ: ರ‍್ಯಾಂಕ್ ಪೂರ್ತಿ ನೀಟ್ ಅಂಕದ ಮೇಲೆ.

ಕ್ರಮ ಹೀಗಿರಲಿ. ನವೆಂಬರ್ ಕೊನೆಗೆ ಪಾಠ ಮುಗಿಯಬೇಕು. ಡಿಸೆಂಬರ್, ಜನವರಿ ನಮ್ಮಲ್ಲಿ ತೊಗರಿ ರಾಶಿಯ ಕಾಲ, ಮನೆಯಲ್ಲಿ ಆಳು ಸಿಗುವುದಿಲ್ಲ, ಮಕ್ಕಳನ್ನು ಹೊಲಕ್ಕೆ ಕರೆಯುತ್ತಾರೆ. ಪ್ರಾಯೋಗಿಕ ಪರೀಕ್ಷೆಯ ತಯಾರಿಯೂ ಸಿಇಟಿ ಅರ್ಜಿಯೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ ಬಂದು ಕೂರುತ್ತವೆ. ಅಪ್ಪನ ಜೊತೆ ಮೊದಲೇ ಮಾತಾಡಿ, ಯಾವ ದಿನ ಬರುತ್ತೀರಿ, ಯಾವ ದಿನ ಬರುವುದಿಲ್ಲ ಅಂತ ಕ್ಯಾಲೆಂಡರಿನಲ್ಲಿ ಬರೆದಿಡಿ. ಬೋರ್ಡ್ ಪರೀಕ್ಷೆ ಮುಗಿಯುವವರೆಗೆ ದಿನಕ್ಕೆ ಒಂದು ಗಂಟೆ ಮಾತ್ರ ಎಂಸಿಕ್ಯೂ, ಆಮೇಲೆ ಪೂರ್ತಿ ಅದೇ.

ಅಭ್ಯಾಸ ಗಡಿಯಾರ ಇಟ್ಟೇ ಮಾಡಬೇಕು. ಕೆಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಪ್ರಶ್ನೆಗೆ 80 ಸೆಕೆಂಡು, ಅದರಲ್ಲೇ ಓಎಂಆರ್ ತುಂಬುವುದೂ ಬಂತು. ನೀಟ್‌ನಲ್ಲಿ ಪ್ರಶ್ನೆಗೆ ಒಂದೇ ನಿಮಿಷ. ಜೀವಶಾಸ್ತ್ರದ 90 ಪ್ರಶ್ನೆಯನ್ನು 45–50 ನಿಮಿಷದಲ್ಲಿ ಮುಗಿಸಿದರೆ ಮಾತ್ರ ಭೌತಶಾಸ್ತ್ರಕ್ಕೆ ಉಸಿರಾಡಲು ಟೈಮ್ ಸಿಗುತ್ತದೆ.

ಕೆಸಿಇಟಿಯಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ. 60ಕ್ಕೆ 60 ತುಂಬಿಯೇ ಎದ್ದು ಬನ್ನಿ. ನೀಟ್‌ನಲ್ಲಿ ಸರಿಗೆ ನಾಲ್ಕು, ತಪ್ಪಿಗೆ ಒಂದು ಕಡಿತ. ಎರಡು ಆಯ್ಕೆ ಖಂಡಿತ ಅಲ್ಲ ಅಂತ ಗೊತ್ತಿದ್ದರೆ ಉಳಿದ ಎರಡರಲ್ಲಿ ಒಂದು ಊಹಿಸಬಹುದು. ಏನೂ ಗೊತ್ತಿಲ್ಲದ ಪ್ರಶ್ನೆಯನ್ನು ಮುಟ್ಟಬೇಡಿ.

ಎಚ್ಚರಿಕೆಯ ಗುರುತು: ಮೂರು ಟೆಸ್ಟಿನಲ್ಲಿ ಅದೇ ಪಾಠದ ತಪ್ಪು ಮತ್ತೆ ಮತ್ತೆ ಬರುತ್ತಿದೆ. ಹಾಗಿದ್ದರೆ ಹೊಸ ಟೆಸ್ಟ್ ಬರೆಯುವುದು ನಿಲ್ಲಿಸಿ, ಆ ಪಾಠಕ್ಕೆ ವಾಪಸ್ಸು ಹೋಗಿ.

## ಹಂತ 6: ಅರ್ಜಿ

ಕೊನೆಯ ದಿನ ಸರ್ವರ್ ಕೈಕೊಡುತ್ತದೆ, ಕರೆಂಟೂ ಹೋಗುತ್ತದೆ. ಮೊದಲ ವಾರದಲ್ಲೇ ಹಾಕಿ.

ಅರ್ಜಿಯಲ್ಲಿ 371(ಜೆ), ಗ್ರಾಮೀಣ, ಕನ್ನಡ ಮಾಧ್ಯಮ, ಜಾತಿ, ಶುಲ್ಕ ರಿಯಾಯಿತಿಯ ಎಸ್‌ಎನ್‌ಕ್ಯೂ, ಎಲ್ಲಕ್ಕೂ ಬೇರೆ ಬೇರೆ ಪ್ರಶ್ನೆ ಇರುತ್ತದೆ. ಎಸ್‌ಎನ್‌ಕ್ಯೂಗೆ ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿರಬೇಕು. ಅರ್ಜಿಯಲ್ಲಿ ಕೇಳದ ಮೀಸಲಾತಿಯನ್ನು ಆಮೇಲೆ ಸರ್ಟಿಫಿಕೇಟ್ ತೋರಿಸಿ ಪಡೆಯುತ್ತೇನೆ ಅಂದರೆ ಆಗುವುದಿಲ್ಲ. ಸೈಬರ್ ಸೆಂಟರಿನ ಹುಡುಗ ಬೇಗ ಬೇಗ "ನೋ, ನೋ" ಒತ್ತಿಕೊಂಡು ಹೋಗುವುದನ್ನು ಕಣ್ಣಾರೆ ಕಂಡಿದ್ದೇನೆ. ಪಕ್ಕದಲ್ಲಿ ಕುಳಿತು, ಸಬ್‌ಮಿಟ್ ಒತ್ತುವ ಮೊದಲು ಒಂದೊಂದು ಸಾಲೂ ಜೋರಾಗಿ ಓದಿಸಿ. ಪ್ರಿಂಟ್ ತೆಗೆದು ಫೈಲಿಗೆ ಹಾಕಿ.

ನೀಟ್ ಬರೆದ ಮಾತ್ರಕ್ಕೆ ರಾಜ್ಯದ ವೈದ್ಯಕೀಯ ಸೀಟಿನ ಪಟ್ಟಿಗೆ ಹೆಸರು ಬರುವುದಿಲ್ಲ, ಕೆಇಎಯಲ್ಲೂ ನೋಂದಣಿ ಬೇಕು. ಸಿಬಿಎಸ್‌ಇ ಮಕ್ಕಳು ಹನ್ನೆರಡನೇ ತರಗತಿ ಅಂಕವನ್ನು ಕೆಇಎ ಪೋರ್ಟಲ್‌ನಲ್ಲಿ ತಾವೇ ಹಾಕಬೇಕು, ಇಲ್ಲದಿದ್ದರೆ ರ‍್ಯಾಂಕ್ ತಡೆಯಾಗುತ್ತದೆ.

## ಹಂತ 7: ಪರೀಕ್ಷೆಯ ದಿನ

ಏಪ್ರಿಲ್, ಮೇ ಬಿಸಿಲು ನಿಮಗೆ ಹೊಸದಲ್ಲ. ಸುರಪುರ, ಹುಣಸಗಿ, ಔರಾದ್ ಕಡೆಯವರು ಹಿಂದಿನ ಸಂಜೆಯೇ ಕೇಂದ್ರದ ಊರಿಗೆ ಬಂದು ಉಳಿಯಿರಿ, ಬೆಳಗಿನ ಬಸ್ಸು ನಂಬಬೇಡಿ. ನೀಟ್ ಮಧ್ಯಾಹ್ನ 2 ಗಂಟೆಗೆ, ಗೇಟು 1.30ಕ್ಕೆ ಮುಚ್ಚುತ್ತದೆ. ಅರ್ಧ ತೋಳಿನ ಅಂಗಿ, ತೆಳು ಚಪ್ಪಲಿ, ಒಡವೆ ಬೇಡ. ಓಎಂಆರ್‌ನಲ್ಲಿ ಪ್ರಶ್ನೆಪತ್ರಿಕೆಯ ವರ್ಷನ್ ಕೋಡ್ ತುಂಬಿದ ಮೇಲೆಯೇ ಮೊದಲ ಪ್ರಶ್ನೆ ಓದಿ.

## ಹಂತ 8: ಆಪ್ಷನ್ ಎಂಟ್ರಿ

ರ‍್ಯಾಂಕ್ ಬಂದ ಮೇಲೆ ಊರೆಲ್ಲ ಸಿಹಿ ಹಂಚಿ, ಆಪ್ಷನ್ ಎಂಟ್ರಿಯನ್ನು ಅರ್ಧ ಗಂಟೆಯಲ್ಲಿ ಮುಗಿಸುವವರಿದ್ದಾರೆ. ಇದಕ್ಕೆ ಕನಿಷ್ಠ ಎರಡು ದಿನ ಕೊಡಿ.

ಮೊದಲು ಹಿಂದಿನ ವರ್ಷದ ಕಟಾಫ್, ಅಂದರೆ ಯಾವ ಕಾಲೇಜಿನಲ್ಲಿ ಎಷ್ಟನೇ ಕ್ರಮಾಂಕದವರೆಗೆ ಸೀಟು ಸಿಕ್ಕಿತು ಅನ್ನುವ ಪಟ್ಟಿ, ಇಳಿಸಿಕೊಳ್ಳಿ. ಕೆಇಎ ನಮ್ಮ ಭಾಗದ 371(ಜೆ) ಸೀಟುಗಳ ಕಟಾಫನ್ನು ಬೇರೆ ಪಟ್ಟಿಯಾಗಿ ಕೊಡುತ್ತದೆ. ಸಾಮಾನ್ಯ ಪಟ್ಟಿ ನೋಡಿ "ನನಗೆ ಸಿಗಲ್ಲ" ಅಂತ ಕೈಬಿಟ್ಟವರು ಬಹಳ. ಪಟ್ಟಿಯ ಮೀಸಲಾತಿ ಕೋಡಿನಲ್ಲಿ 'ಆರ್' ಅಂದರೆ ಗ್ರಾಮೀಣ, 'ಕೆ' ಅಂದರೆ ಕನ್ನಡ ಮಾಧ್ಯಮ.

ಆಮೇಲೆ ಕಾಗದದ ಮೇಲೆ ಪಟ್ಟಿ ಬರೆಯಿರಿ. ನಿಮಗೆ ನಿಜವಾಗಿ ಬೇಕಾದ ಕಾಲೇಜು ಮೇಲೆ, ಅದಕ್ಕಿಂತ ಕಮ್ಮಿ ಇಷ್ಟವಾದದ್ದು ಕೆಳಗೆ. ಕಂಪ್ಯೂಟರ್ ಮೇಲಿನಿಂದ ನೋಡುತ್ತಾ ಬರುತ್ತದೆ, ಸಿಕ್ಕ ಮೊದಲನೆಯದನ್ನು ಕೊಟ್ಟು ನಿಲ್ಲಿಸುತ್ತದೆ. "ಇದಂತೂ ಗ್ಯಾರಂಟಿ ಸಿಗ್ತದ" ಅಂತ ಯಾದಗಿರಿ ವೈದ್ಯಕೀಯ ಕಾಲೇಜನ್ನು ಮೊದಲು ಹಾಕಿ, ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್ ಕೆಳಗೆ ಹಾಕಿದರೆ ಜಿಮ್ಸ್ ಸಿಗುವ ರ‍್ಯಾಂಕ್ ಇದ್ದರೂ ಯಾದಗಿರಿಯೇ ಬರುತ್ತದೆ. ಮನೆಗೆ ಹತ್ತಿರ ಅಂತ ಯಾದಗಿರಿಯೇ ಬೇಕಿದ್ದರೆ ಸರಿ. ಆಗುತ್ತದೋ ಇಲ್ಲವೋ ಅನ್ನುವ ಭಯಕ್ಕೆ ಕ್ರಮ ಬದಲಿಸಬೇಡಿ.

ಫೀ ಕಾಲಂ ನೋಡದೆ ಕಾಲೇಜಿನ ಹೆಸರು ನೋಡಿ ಹಾಕುವುದು ಇನ್ನೊಂದು ದೊಡ್ಡ ತಪ್ಪು. ಖಾಸಗಿ ವೈದ್ಯಕೀಯ ಕಾಲೇಜಿನ ಸರ್ಕಾರಿ ಸೀಟಿಗೂ ಪ್ರೈವೇಟ್ ಸೀಟಿಗೂ ಲಕ್ಷಗಟ್ಟಲೆ ವ್ಯತ್ಯಾಸ. ಕಟ್ಟಲು ಆಗದ ಸೀಟನ್ನು ಪಟ್ಟಿಗೆ ಸೇರಿಸಲೇಬೇಡಿ.

ಐದು ಆಪ್ಷನ್ ಹಾಕಿ ನಿಲ್ಲಿಸಬೇಡಿ. ಸೇರಲು ಮನಸ್ಸಿರುವ ಎಲ್ಲವನ್ನೂ ಹಾಕಿ. ಅಣಕು ಹಂಚಿಕೆ, ಅಂದರೆ ನಿಜವಾದ ಹಂಚಿಕೆಗೆ ಮೊದಲಿನ ಪ್ರಯೋಗದ ಹಂಚಿಕೆ ಬಂದ ಮೇಲೆ ತಿದ್ದಲು ಅವಕಾಶ ಇರುತ್ತದೆ. ಅಣಕು ಹಂಚಿಕೆಯಲ್ಲಿ ಏನೂ ಸಿಗದಿದ್ದರೆ ಪಟ್ಟಿ ಗಿಡ್ಡ ಇರಬಹುದು.

ಪಾಸ್‌ವರ್ಡ್, ಒಟಿಪಿ ಯಾರಿಗೂ ಕೊಡಬೇಡಿ. "ನಾವೇ ಎಲ್ಲಾ ನೋಡಿಕೊಳ್ತೀವಿ" ಅನ್ನುವ ಏಜೆಂಟನಿಗಂತೂ ಬೇಡವೇ ಬೇಡ. ಎಂಜಿನಿಯರಿಂಗ್ ಸೀಟ್ ಬ್ಲಾಕಿಂಗ್, ಅಂದರೆ ಸೇರುವ ಮನಸ್ಸಿಲ್ಲದವರ ಹೆಸರಿನಲ್ಲಿ ಸೀಟು ಹಿಡಿದಿಡುವ ದಂಧೆ, 2024ರಲ್ಲಿ ಪೊಲೀಸ್ ಪ್ರಕರಣವೇ ಆಯಿತು.

## ಹಂತ 9: ಸೀಟು ಬಂದ ಮೇಲೆ ನಾಲ್ಕು ಚಾಯ್ಸ್

ಒಂದು: ಈ ಸೀಟು ಸಾಕು, ಸೇರುತ್ತೇನೆ. ಎರಡು: ಸೀಟು ಇರಲಿ, ಮೇಲಿನದು ಸಿಕ್ಕರೆ ಹೋಗುತ್ತೇನೆ. ಮೂರು: ಈ ಸೀಟು ಬೇಡ, ಮುಂದಿನ ಸುತ್ತಿಗೆ ಇರುತ್ತೇನೆ. ನಾಲ್ಕು: ಏನೂ ಬೇಡ, ಹೊರಗೆ ಹೋಗುತ್ತೇನೆ.

ಗೊಂದಲ ಎರಡು ಮತ್ತು ಮೂರರ ನಡುವೆ. ಮೂರು ಒತ್ತಿದ ಕ್ಷಣ ಕೈಯಲ್ಲಿದ್ದ ಸೀಟು ಹೋಯಿತು, ಮುಂದೆ ಸಿಗುವ ಖಾತ್ರಿಯೂ ಇಲ್ಲ. ಎರಡರಲ್ಲಿ ಮೇಲಿನ ಆಪ್ಷನ್ ಸಿಕ್ಕರೆ ಹಳೆಯದು ತಾನಾಗಿ ರದ್ದಾಗುತ್ತದೆ. ಹಾಗಾಗಿ ಎರಡು ಒತ್ತುವ ಮೊದಲು, ಮೇಲಿರುವ ಪ್ರತಿ ಆಪ್ಷನ್‌ಗೂ ನಿಜವಾಗಿ ಹೋಗುತ್ತೀರಾ ಅಂತ ಮನೆಯಲ್ಲಿ ಕೂತು ಮಾತಾಡಿ. ಶುಲ್ಕ, ಗಡುವು, ಸೀಟು ಬಿಟ್ಟರೆ ಬೀಳುವ ದಂಡ ಇವನ್ನೆಲ್ಲ ಆ ವರ್ಷದ ಸೂಚನೆಯಲ್ಲೇ ಓದಿ, ಅಣ್ಣನ ಬ್ಯಾಚಿನ ನಿಯಮ ನಂಬಿ ಕೂರಬೇಡಿ.

ಹಣ ಕಟ್ಟಿದರೆ ಪ್ರವೇಶ ಮುಗಿಯಲಿಲ್ಲ. ಪ್ರವೇಶ ಆದೇಶ ಇಳಿಸಿಕೊಂಡು, ಮೂಲ ದಾಖಲೆಗಳೊಂದಿಗೆ ಗಡುವಿನೊಳಗೆ ಕಾಲೇಜಿಗೆ ಖುದ್ದಾಗಿ ಹೋಗಬೇಕು. ಹೋಗುವ ಮೊದಲು ಎಲ್ಲಾ ಮೂಲ ಪತ್ರಗಳ ನಾಲ್ಕೈದು ಝೆರಾಕ್ಸ್ ಮನೆಯಲ್ಲಿಡಿ. ಕಾಲೇಜಿಗೆ ಯಾವ ಯಾವ ಮೂಲ ಪತ್ರ ಕೊಟ್ಟಿರಿ ಅನ್ನುವುದಕ್ಕೆ ಸೀಲು ಹಾಕಿದ ರಸೀದಿ ಕೇಳಿ ಪಡೆಯಿರಿ. ಸ್ಕಾಲರ್‌ಶಿಪ್ ಅರ್ಜಿಗೆ ಅದೇ 371(ಜೆ), ಜಾತಿ, ಆದಾಯ ಪತ್ರಗಳು ಒಂದೆರಡು ತಿಂಗಳಲ್ಲೇ ಮತ್ತೆ ಬೇಕಾಗಬಹುದು.